ಸರ್ವೀಸ್ ಆದ್ಮೇಲೆ ಬೈಕ್ ಬ್ರೇಕ್ ಚೆಕ್ ಮಾಡೋದು ಹೇಗೆ: ಯಾವುದು ಮೊದಲು, ಯಾವುದು ಆಮೇಲೆ

ಸರ್ವೀಸ್ ಮುಗಿಸ್ಕೊಂಡು ಬಂದ ಗಾಡಿಗಳ ಬ್ರೇಕ್ ಬಗ್ಗೆ ಕೇಳೋ ಪ್ರಶ್ನೆಗಳೆಲ್ಲ ಹೆಚ್ಚುಕಮ್ಮಿ ಒಂದೇ. ಹಿಂದಿನ ಬ್ರೇಕ್ ಹಿಡ್ಕೊಳ್ತಿದೆ ಮೈಲೇಜ್ ಬಿದ್ದೋಯ್ತು, ಬ್ರೇಕ್ ಲೈಟ್ ಆಫೇ ಆಗಲ್ಲ, ಹೊಸ ಪ್ಯಾಡ್ ಹಾಕ್ಸಿದೀನಿ ಆದ್ರೂ ಬ್ರೇಕ್ ಹತ್ತಲ್ಲ. ಇದಕ್ಕೆ ಜನ ಏನ್ ಮಾಡ್ತಾರೆ ಅಂದ್ರೆ ಸ್ಪ್ಯಾನರ್ ತಗೊಂಡು ಕಣ್ಣಿಗೆ ಮೊದಲು ಬಿದ್ದ ನಟ್ ತಿರುಗಿಸ್ತಾರೆ, ಅಲ್ಲಿಗೆ ಒಂದು ಸರಿ ಹೋಗಿ ಇನ್ನೊಂದು ಕೆಡತ್ತೆ, ಮಾರನೇ ದಿನ ಮತ್ತೆ ಅದೇ ಕಥೆ.

ಎಷ್ಟೋ ಸಲ ಕೆಟ್ಟಿರೋದು ಪಾರ್ಟ್ ಅಲ್ಲ, ಕೆಲಸ ಮಾಡಿದ ಆರ್ಡರ್ ಕೆಟ್ಟಿರತ್ತೆ. ಚೈನ್ ಮೊದಲು, ಹಿಂದಿನ ಬ್ರೇಕ್ ಆಮೇಲೆ, ಬ್ರೇಕ್ ಲೈಟ್ ಸ್ವಿಚ್ ಕೊನೆಗೆ. ಈ ಮೂರನ್ನ ಉಲ್ಟಾ ಮಾಡಿದ್ರೆ ಮಾಡಿದ ಕೆಲಸ ಎಲ್ಲಾ ವೇಸ್ಟ್.

ಇಲ್ಲಿ ಹೇಳಿರೋದು ಮುಖ್ಯವಾಗಿ ಮುಂದೆ ಡಿಸ್ಕ್, ಹಿಂದೆ ಡ್ರಮ್ ಇರೋ 100ರಿಂದ 160 ಸಿಸಿ ಬೈಕ್‌ಗಳಿಗೆ, ಯಾಕಂದ್ರೆ ನಮ್ಮಲ್ಲಿ ಮನೆಮನೇಲಿ ಇರೋದು ಅವೇ. ಡಿಸ್ಕ್ ಅಂದ್ರೆ ಚಕ್ರದ ಜೊತೆ ತಿರುಗೋ ಪ್ಲೇಟ್‌ನ ಎರಡು ಪ್ಯಾಡ್ ಒತ್ತಿ ಹಿಡಿಯತ್ತೆ, ಡ್ರಮ್ ಅಂದ್ರೆ ಒಳಗಿರೋ ಎರಡು ಶೂ ಅಗಲ ಆಗಿ ಹಿಡಿಯತ್ತೆ. ಸ್ಕೂಟರ್‌ಗೆ ಮತ್ತು ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದ ಹಾಗೆ ತಡೆಯೋ ವ್ಯವಸ್ಥೆ) ಇರೋ ಗಾಡಿಗೆ ಬೇರೆ ಏನು ನೋಡ್ಬೇಕೋ ಅದನ್ನ ಕೊನೇಲಿ ಹೇಳಿದೀನಿ.

ಬೇಕಾಗೋ ಸಾಮಾನು

ಜಾಸ್ತಿ ಏನಿಲ್ಲ. ಗಾಡಿ ಜೊತೆ ಕೊಟ್ಟಿರೋ ಟೂಲ್ ಕಿಟ್, ಅದರ ಜೊತೆ 10, 12, 14, 17ರ ಒಳ್ಳೇ ಸ್ಪ್ಯಾನರ್ (ಕಿಟ್‌ನಲ್ಲಿ ಬರೋವು ನಟ್ ಮೂಲೆ ತಿನ್ನತ್ತೆ), ಒಂದು ಸ್ಕೂಲ್ ಸ್ಕೇಲ್, ಟಾರ್ಚ್, ಬಿಳಿ ಟಿಶ್ಯೂ ಪೇಪರ್, ಹಳೇ ಕಾಟನ್ ಬಟ್ಟೆ, ಬ್ರೇಕ್ ಕ್ಲೀನರ್ ಸ್ಪ್ರೇ, ಒಂದು ಮಗ್ ನೀರು. ಓನರ್ಸ್ ಮ್ಯಾನ್ಯುಯಲ್ ಪಕ್ಕದಲ್ಲಿರಲಿ, ನಾನು ಕೊಡೋ ಅಳತೆಗೂ ಅದಕ್ಕೂ ವ್ಯತ್ಯಾಸ ಬಂದ್ರೆ ಮ್ಯಾನ್ಯುಯಲ್ಲೇ ಸರಿ.

ಮಾಸ್ಕ್ ಹಾಕ್ಕೊಳಿ. ಡ್ರಮ್ ಒಳಗಿನ ಪೌಡರ್‌ನ ಬಾಯಲ್ಲಿ ಊದೋದು, ಏರ್ ಹಿಡಿಯೋದು ಎರಡೂ ಬೇಡ, ಹಳೇ ಅಥವಾ ಲೋಕಲ್ ಶೂಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಒದ್ದೆ ಬಟ್ಟೇಲಿ ಒರೆಸಿ ಆ ಬಟ್ಟೆ ಎಸೀರಿ.

1. ಸರ್ವೀಸ್ ಸೆಂಟರ್ ಗೇಟ್ ದಾಟೋಕ್ ಮುಂಚೆ

ಇದು ಎರಡು ನಿಮಿಷದ ಕೆಲಸ, ಆದ್ರೆ ಯಾರೂ ಮಾಡಲ್ಲ. ಬಿಲ್ ಕಟ್ಟಿ ಕೀ ಇಸ್ಕೊಂಡು ಸೀದಾ ರೋಡಿಗೆ.

ಗಾಡಿ ಮೇಲೆ ಕೂತು, ಸ್ಟಾರ್ಟ್ ಮಾಡದೇನೇ, ಮುಂದಿನ ಬ್ರೇಕ್ ಲಿವರ್ ನಾಲ್ಕೈದು ಸಲ ಪೂರ್ತಿ ಒತ್ತಿ. ಹೊಸ ಪ್ಯಾಡ್ ಹಾಕ್ಬೇಕಾದ್ರೆ ಕ್ಯಾಲಿಪರ್ (ಪ್ಯಾಡ್ ಕೂರೋ ಬ್ಲಾಕ್) ಒಳಗಿನ ಪಿಸ್ಟನ್‌ನ ಒಳಗೆ ತಳ್ಳಿರ್ತಾರೆ, ಅದನ್ನ ಮತ್ತೆ ಪಂಪ್ ಮಾಡಿ ಪ್ಯಾಡ್ ಹತ್ರ ತರದೇ ಇದ್ರೆ ಮೊದಲನೇ ಸಲ ಒತ್ತಿದಾಗ ಲಿವರ್ ಸೀದಾ ಗ್ರಿಪ್‌ಗೆ ಹೋಗಿ ತಾಗತ್ತೆ, ಬ್ರೇಕ್ ಅನ್ನೋದೇ ಇರಲ್ಲ. ಅದು ಗೊತ್ತಾಗೋದು ಗೇಟ್ ಎದುರಿನ ಮೊದಲನೇ ಹಂಪ್‌ನಲ್ಲಿ ಆದ್ರೆ ಪುಣ್ಯ, ಸಿಗ್ನಲ್‌ನಲ್ಲಿ ಆದ್ರೆ ಮುಂದಿನ ಕಾರಿನ ಬಂಪರ್. ಪಂಪ್ ಮಾಡಿದ್ಮೇಲೆ ಲಿವರ್ ಗಟ್ಟಿಯಾಗಿ ನಿಲ್ಬೇಕು.

ಆಮೇಲೆ ಗಾಡಿ ನ್ಯೂಟ್ರಲ್‌ಗೆ ಹಾಕಿ ಎರಡು ಹೆಜ್ಜೆ ಮುಂದೆ ತಳ್ಳಿ ಮುಂದಿನ ಬ್ರೇಕ್ ಹಿಡೀರಿ, ಮತ್ತೆ ತಳ್ಳಿ ಹಿಂದಿಂದು ಒತ್ತಿ. ಎರಡೂ ಸಲ ನಿಲ್ಬೇಕು, ಬಿಟ್ಟ ತಕ್ಷಣ ಗಾಡಿ ಸಲೀಸಾಗಿ ಉರುಳ್ಬೇಕು. ಕೀ ಆನ್ ಮಾಡಿ ಎರಡೂ ಬ್ರೇಕ್‌ಗೂ ಲೈಟ್ ಹತ್ತತ್ತಾ ನೋಡಿ.

ಪ್ಯಾಡ್ ಅಥವಾ ಶೂ ಬದಲಾಯಿಸಿದೀವಿ ಅಂತ ಬಿಲ್‌ನಲ್ಲಿ ಇದ್ರೆ ಹಳೇದನ್ನ ಕೇಳಿ ಈಸ್ಕೊಳಿ. ಸಾಮಾನ್ಯವಾಗಿ ಕೊಡ್ತಾರೆ. ಹಳೇ ಪ್ಯಾಡ್ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದ್ರೆ ಕ್ಯಾಲಿಪರ್ ಹೆಂಗಿದೆ ಅಂತಾನೂ ಗೊತ್ತಾಗತ್ತೆ: ಒಂದು ದಪ್ಪ ಇದ್ದು ಇನ್ನೊಂದು ಪೂರ್ತಿ ಸವೆದಿದ್ರೆ ಕ್ಯಾಲಿಪರ್‌ನ ಸ್ಲೈಡ್ ಪಿನ್ ಅಥವಾ ಪಿಸ್ಟನ್ ಜಾಮ್ ಆಗಿದೆ ಅಂತ ಅರ್ಥ, ಅದನ್ನ ಸರಿ ಮಾಡದೇ ಹಾಕಿದ ಹೊಸ ಪ್ಯಾಡೂ ಅದೇ ಥರ ಸವೆಯತ್ತೆ.

2. ಮೊದಲ ಅರ್ಧ ಕಿಲೋಮೀಟರ್

ಸರ್ವೀಸ್ ಕೊನೇಲಿ ವಾಟರ್ ವಾಶ್ ಮಾಡಿರ್ತಾರೆ, ಡಿಸ್ಕ್ ಪ್ಲೇಟ್ ಮತ್ತು ಪ್ಯಾಡ್ ಒದ್ದೆ ಇರತ್ತೆ, ಡ್ರಮ್ ಒಳಗೂ ಸ್ವಲ್ಪ ನೀರು ಹೋಗಿರಬಹುದು. ನಿಧಾನಕ್ಕೆ 20ರ ಸ್ಪೀಡ್‌ನಲ್ಲಿ ಹೋಗ್ತಾ ಎರಡೂ ಬ್ರೇಕ್‌ನ ಮೆತ್ತಗೆ ಒತ್ತಿ ಬಿಟ್ಟು ಮಾಡಿ, ನೀರು ಒಣಗಿದ ಹಾಗೆ ಹಿಡಿತ ವಾಪಸ್ ಬರತ್ತೆ.

ನೀರು ದೊಡ್ಡ ವಿಷ್ಯ ಅಲ್ಲ, ಒಣಗಿ ಹೋಗತ್ತೆ. ಭಯ ಇರೋದು ಡೀಸೆಲ್‌ದು. ಎಷ್ಟೋ ಗ್ಯಾರೇಜ್‌ಗಳಲ್ಲಿ ಚೈನು, ಇಂಜಿನ್ ಎಲ್ಲಾ ಡೀಸೆಲ್ ಅಥವಾ ಸೀಮೆಎಣ್ಣೆ ಸ್ಪ್ರೇ ಹೊಡೆದು ತೊಳೀತಾರೆ, ಹಿಂದೆ ಡಿಸ್ಕ್ ಇರೋ ಗಾಡಿ ಆದ್ರೆ ಅದು ಪ್ಲೇಟ್ ಮೇಲೂ ಕೂರತ್ತೆ. ಪ್ಲೇಟ್‌ನ ಬಿಳಿ ಟಿಶ್ಯೂಲಿ ಒರೆಸಿ ನೋಡಿ. ಬೂದು ಬಣ್ಣದ ಒಣ ಪುಡಿ ಬಂದ್ರೆ ಓಕೆ, ಟಿಶ್ಯೂ ಪಾರದರ್ಶಕ ಆದ ಹಾಗೆ ಜಿಡ್ಡು ಕಲೆ ಬಂದ್ರೆ ಎಣ್ಣೆ. ಪ್ಲೇಟ್‌ನ ಬ್ರೇಕ್ ಕ್ಲೀನರ್‌ನಲ್ಲಿ ಒರೆಸಬಹುದು, ಆದ್ರೆ ಪ್ಯಾಡ್ ಒಳಗೆ ಎಣ್ಣೆ ಇಳಿದ್ರೆ ಅದು ಹೋಗಲ್ಲ, ಪ್ಯಾಡ್ ಬದಲಾಯಿಸ್ಬೇಕು. ಪಾಲಿಶ್ ಪೇಪರ್‌ನಲ್ಲಿ ಉಜ್ಜಿ ವಾಪಸ್ ಹಾಕಿದ್ರೆ ಬಿಸಿ ಆದಾಗ ಒಳಗಿನ ಎಣ್ಣೆ ಮತ್ತೆ ಮೇಲೆ ಬರತ್ತೆ.

ಇನ್ನೊಂದು, ಟೈರ್‌ಗೆ ಹೊಳಪು ಬರಲಿ ಅಂತ ಪಾಲಿಶ್ ಹೊಡೆದಿರ್ತಾರೆ. ಸೈಡ್‌ಗೆ ಮಾತ್ರ ಆದ್ರೆ ಸರಿ, ರೋಡ್‌ಗೆ ತಾಗೋ ಜಾಗಕ್ಕೂ ಬಳಿದಿದ್ರೆ ಬ್ರೇಕ್ ಎಷ್ಟೇ ಚೆನ್ನಾಗಿದ್ರೂ ಗಾಡಿ ಜಾರತ್ತೆ. ಸೋಪ್ ನೀರಲ್ಲಿ ಉಜ್ಜಿ ತೊಳೀರಿ.

3. ಚೈನ್, ಹಿಂದಿನ ಡ್ರಮ್, ಲೈಟ್ ಸ್ವಿಚ್: ಜನ ಎಡವೋದು ಇಲ್ಲೇ

ಸ್ವಲ್ಪ ನಿಧಾನಕ್ಕೆ ಓದಿ.

ಚೈನ್ ಟೈಟ್ ಮಾಡೋದು ಅಂದ್ರೆ ಹಿಂದಿನ ಚಕ್ರಾನೇ ಹಿಂದಕ್ಕೆ ಎಳೆಯೋದು. ಚಕ್ರ ಹಿಂದೆ ಹೋದ್ರೆ ಅದರ ಜೊತೆ ಡ್ರಮ್ ಪ್ಲೇಟು, ಬ್ರೇಕ್ ಆರ್ಮು (ಡ್ರಮ್ ಹೊರಗಿರೋ ಸಣ್ಣ ತೋಳು) ಎಲ್ಲಾ ಹಿಂದೆ ಹೋಗತ್ತೆ, ಆದ್ರೆ ಪೆಡಲ್‌ನಿಂದ ಆ ಆರ್ಮ್‌ಗೆ ಬರೋ ಬ್ರೇಕ್ ರಾಡ್‌ನ ಉದ್ದ ಅಷ್ಟೇ ಇರತ್ತೆ, ಹಾಗಾಗಿ ರಾಡ್ ಎಳೆದು ಹಿಡಿಯತ್ತೆ, ಬ್ರೇಕ್ ತಾನಾಗೇ ಟೈಟ್ ಆಗತ್ತೆ. ಮೆಕ್ಯಾನಿಕ್ ಮೊದಲು ಬ್ರೇಕ್ ಸೆಟ್ ಮಾಡಿ ಕೊನೇಲಿ ಚೈನ್ ಟೈಟ್ ಮಾಡಿದ್ರೆ ಗಾಡಿ ಹಿಂದಿನ ಬ್ರೇಕ್ ಹಿಡ್ಕೊಂಡೇ ಮನೆಗೆ ಬರತ್ತೆ. ಮನೇಲಿ ನೀವೇ ಚೈನ್ ಟೈಟ್ ಮಾಡಿದ್ರೂ ಇದೇ ಲೆಕ್ಕ.

ಹಾಗಾಗಿ ಚೈನ್ ಸಡಿಲ ಎಷ್ಟಿದೆ ಅಂತ ಮೊದಲು ನೋಡಿ, ಮ್ಯಾನ್ಯುಯಲ್‌ನಲ್ಲಿ ಹೇಳಿದಷ್ಟು ಇದ್ರೆ ಮುಟ್ಬೇಡಿ. ಸರಿ ಮಾಡ್ಲೇಬೇಕು ಅಂದ್ರೆ ಆಕ್ಸಲ್ ನಟ್ ಸಡಿಲ ಮಾಡಿ, ಎರಡೂ ಕಡೆ ಅಡ್ಜಸ್ಟರ್ ಗುರುತು ಒಂದೇ ಗೆರೆಗೆ ತನ್ನಿ, ವಾಪಸ್ ಆಕ್ಸಲ್ ನಟ್ ಟೈಟ್ ಮಾಡೋವಾಗ ಇನ್ನೊಬ್ರಿಗೆ ಬ್ರೇಕ್ ಪೆಡಲ್ ಒತ್ತಿ ಹಿಡ್ಕೊಳೋಕೆ ಹೇಳಿ. ಶೂ ಎರಡೂ ಡ್ರಮ್‌ಗೆ ಸಮನಾಗಿ ಕೂತಿರೋವಾಗ ನಟ್ ಟೈಟ್ ಆದ್ರೆ ಪ್ಲೇಟ್ ಮಧ್ಯಕ್ಕೆ ಕೂರತ್ತೆ, ಇಲ್ದಿದ್ರೆ ಒಂದು ಕಡೆ ಉಜ್ಜತ್ತೆ.

ಈಗ ಬ್ರೇಕ್. ಪೆಡಲ್ ಮೇಲೆ ಬೆರಳಿಟ್ಟು ಮೆತ್ತಗೆ ಒತ್ತಿ, ಶೂ ಹಿಡಿಯೋಕೆ ಶುರು ಆಗೋ ತನಕ ಪೆಡಲ್ ತುದಿ ಎಷ್ಟು ಇಳೀತು ಅಂತ ಸ್ಕೇಲ್ ಹಿಡಿದು ನೋಡಿ. ಇದೇ ಫ್ರೀ ಪ್ಲೇ. ಸಾಮಾನ್ಯವಾಗಿ 20ರಿಂದ 30 ಮಿ.ಮೀ. ಇರ್ಬೇಕು. ಕಮ್ಮಿ ಇದ್ರೆ ರಾಡ್ ತುದಿಯಲ್ಲಿರೋ ಅಡ್ಜಸ್ಟರ್ ನಟ್ ಸಡಿಲ ಮಾಡಿ, ಜಾಸ್ತಿ ಇದ್ರೆ ಟೈಟ್ ಮಾಡಿ. ಆ ನಟ್‌ನ ಟಾರ್ಚ್ ಬಿಟ್ಟು ಹತ್ತಿರದಿಂದ ನೋಡಿ, ಆರ್ಮ್ ಕಡೆ ಮುಖದಲ್ಲಿ ಅರ್ಧ ಚಂದ್ರನ ಥರ ಒಂದು ತಗ್ಗು ಇರತ್ತೆ, ಅದು ಆರ್ಮ್‌ನ ದುಂಡು ಪಿನ್ ಮೇಲೆ ಸರಿಯಾಗಿ ಕೂರ್ಬೇಕು. ತಗ್ಗು ಓರೆಯಾಗಿ ಪಿನ್ ಮೇಲೆ ಹತ್ತಿ ನಿಂತಿದ್ರೆ ಎರಡು ಹಂಪ್ ದಾಟೋದ್ರೊಳಗೆ ಅದು ಕಟ್ ಅಂತ ಕೂತ್ಕೊಂಡು ನೀವು ಅಳೆದ ಫ್ರೀ ಪ್ಲೇ ಬದಲಾಗತ್ತೆ. ಅದಕ್ಕೇ ಪ್ರತೀ ಸಲ ಅರ್ಧ ಸುತ್ತು ತಿರುಗಿಸಿ, ಆರ್ಮ್‌ನ ಕೈಯಲ್ಲಿ ಮುಂದೆ ತಳ್ಳಿ ನಟ್ ಕೂತಿದೆಯಾ ನೋಡಿ, ಪೆಡಲ್ ಎರಡು ಸಲ ಜೋರಾಗಿ ಒತ್ತಿ, ಆಮೇಲೆ ಅಳೀರಿ.

ಸೆಂಟರ್ ಸ್ಟ್ಯಾಂಡ್ ಮೇಲೆ ಹಿಂದಿನ ಚಕ್ರ ಕೈಯಲ್ಲಿ ತಿರುಗಿಸಿದ್ರೆ ಒಂದೆರಡು ಸುತ್ತು ತಾನಾಗೇ ತಿರುಗ್ಬೇಕು. ಹೊಸ ಶೂ ಆದ್ರೆ ಸಣ್ಣಗೆ ಸರ್ ಸರ್ ಶಬ್ದ ಬರೋದು ಸಹಜ, ಚಕ್ರ ನಿಂತು ಹೋಗೋದು ಸಹಜ ಅಲ್ಲ. ಹಿಂದೆ ಒಬ್ರನ್ನ ಕೂರಿಸ್ಕೊಂಡು ಇನ್ನೊಂದು ಸಲ ಪೆಡಲ್ ನೋಡೋದು ಒಳ್ಳೇದು. ಸ್ಟ್ಯಾಂಡ್ ಮೇಲೆ ಚಕ್ರ ನೇತಾಡ್ತಿರೋವಾಗ ಇರೋ ಫ್ರೀ ಪ್ಲೇಗೂ ಇಬ್ರು ಕೂತು ಶಾಕ್ ಅಬ್ಸಾರ್ಬರ್ ಕುಗ್ಗಿದಾಗ ಇರೋದಕ್ಕೂ ಎಷ್ಟೋ ಗಾಡೀಲಿ ವ್ಯತ್ಯಾಸ ಬರತ್ತೆ, ಒಬ್ರೇ ಇದ್ದಾಗ ಸರಿ ಇದ್ದ ಬ್ರೇಕ್ ಡಬಲ್ಸ್ ಹೋಗೋವಾಗ ಹಿಡ್ಕೊಳೋದು ಇದ್ರಿಂದಾನೇ.

ಕೊನೆಗೆ ಲೈಟ್ ಸ್ವಿಚ್. ಪೆಡಲ್ ಹತ್ರ ಒಂದು ಸ್ಪ್ರಿಂಗ್‌ಗೆ ತಗ್ಲಾಕಿರತ್ತೆ. ಬ್ರೇಕ್ ಹಿಡಿಯೋಕೆ ಸ್ವಲ್ಪ ಮುಂಚೆ ಲೈಟ್ ಹತ್ತೋ ಹಾಗೆ ಇಡ್ಬೇಕು. ಸ್ವಿಚ್‌ನ ಮೈ ಒಂದು ಕೈಯಲ್ಲಿ ಹಿಡ್ಕೊಂಡು ಅದರ ಪ್ಲಾಸ್ಟಿಕ್ ನಟ್ ಮಾತ್ರ ತಿರುಗಿಸಿ, ಸ್ವಿಚ್ಚನ್ನೇ ತಿರುಗಿಸಿದ್ರೆ ವೈರ್ ಸುತ್ಕೊಂಡು ಕಿತ್ತು ಬರತ್ತೆ. ಯಾವಾಗ್ಲೂ ಉರಿಯೋ ಬ್ರೇಕ್ ಲೈಟ್‌ನಿಂದ ಬಲ್ಬ್ ಹೋಗೋದು ಇರಲಿ, ಹಿಂದೆ ಬರೋನಿಗೆ ನೀವು ಯಾವಾಗ ನಿಲ್ತೀರಿ ಅಂತಾನೇ ಗೊತ್ತಾಗಲ್ಲ.

4. ಶೂ ಎಷ್ಟು ಉಳಿದಿದೆ, ಮತ್ತು ಒಂದು ಕಳ್ಳ ದಾರಿ

ಡ್ರಮ್ ಬಿಚ್ಚದೇ ಶೂ ನೋಡೋಕೆ ಬ್ರೇಕ್ ಆರ್ಮ್ ಬುಡದಲ್ಲಿ ಒಂದು ಬಾಣದ ಗುರುತು ಇರತ್ತೆ, ಪ್ಲೇಟ್ ಮೇಲೆ ಅದಕ್ಕೊಂದು ಗೆರೆ ಅಥವಾ ತ್ರಿಕೋನ. ಪೆಡಲ್ ಪೂರ್ತಿ ಒತ್ತಿದಾಗ ಬಾಣ ಆ ಗುರುತಿಗೆ ಬಂದು ತಾಗಿದ್ರೆ ಶೂ ಮುಗೀತು.

ಕೆಲವು ಕಡೆ ಏನ್ ಮಾಡ್ತಾರೆ ಅಂದ್ರೆ, ಶೂ ಸವೆದು ಅಡ್ಜಸ್ಟರ್ ನಟ್‌ಗೆ ಥ್ರೆಡ್ ಉಳೀದೇ ಇದ್ದಾಗ ಶೂ ಬದಲಾಯಿಸೋ ಬದಲು ಬ್ರೇಕ್ ಆರ್ಮ್ ಬಿಚ್ಚಿ ಒಂದು ಹಲ್ಲು ಹಿಂದಕ್ಕೆ ಹಾಕ್ತಾರೆ. ಬ್ರೇಕ್ ಏನೋ ಹತ್ತತ್ತೆ, ನಟ್‌ಗೆ ಜಾಗಾನೂ ಸಿಗತ್ತೆ, ಕಸ್ಟಮರ್ ಖುಷಿ. ಆದ್ರೆ ಒಳಗಿರೋ ಶೂ ಸವೆದಿರೋದೇ, ಬಾಣ ಆರ್ಮ್ ಮೇಲೇ ಇರೋ ಗಾಡಿಗಳಲ್ಲಿ ಅದೂ ಸುಳ್ಳು ಲೆಕ್ಕ ತೋರಿಸತ್ತೆ. ಒಳಗೆ ಶೂಗಳನ್ನ ಅಗಲಿಸೋ ಕ್ಯಾಮ್ ಅತಿಯಾಗಿ ತಿರುಗಿ ವಾಪಸ್ ಬರದೇ ಚಕ್ರ ಲಾಕ್ ಆಗೋ ಅಪಾಯಾನೂ ಇದೆ. ಪತ್ತೆ ಮಾಡೋದು ಸುಲಭ: ಕ್ಯಾಮ್ ತುದಿ ಮೇಲೆ ಒಂದು ಪಂಚ್ ಚುಕ್ಕೆ ಇರತ್ತೆ, ಆರ್ಮ್ ಮೇಲೂ ಒಂದು ಗುರುತು, ಎರಡೂ ಎದುರುಬದುರು ಇರ್ಬೇಕು. ಬ್ರೇಕ್ ಪೂರ್ತಿ ಒತ್ತಿದಾಗ ಆರ್ಮ್ ಮತ್ತು ರಾಡ್ ಮಧ್ಯದ ಕೋನ 90 ಡಿಗ್ರಿ ದಾಟಿದ್ರೂ ಅನುಮಾನ ಪಡಿ.

ಇಲ್ಲೇ ಟಾರ್ಕ್ ರಾಡ್ ಕೂಡ ನೋಡ್ಕೊಂಡ್ಬಿಡಿ. ಡ್ರಮ್ ಪ್ಲೇಟ್‌ನಿಂದ ಸ್ವಿಂಗ್ ಆರ್ಮ್‌ಗೆ ಹೋಗೋ ಪಟ್ಟಿ ಅದು. ಅದರ ನಟ್‌ಗೆ ಸ್ಪ್ಲಿಟ್ ಪಿನ್ ಇರೋ ಗಾಡೀಲಿ ಪಿನ್ ಇದೆಯಾ, ತುದಿ ಮಡಚಿದಾರಾ ನೋಡಿ. ಪಂಚರ್ ಅಂಗಡಿಯಲ್ಲಿ ಚಕ್ರ ಬಿಚ್ಚಿದಾಗ ಕಳೆದು ಹೋಗೋದು ಇದೇ ಪಿನ್. ಪಟ್ಟಿ ಕಳಚಿದ್ರೆ ಬ್ರೇಕ್ ಒತ್ತಿದ ತಕ್ಷಣ ಪ್ಲೇಟೇ ಚಕ್ರದ ಜೊತೆ ತಿರುಗತ್ತೆ, ರಾಡ್ ಮುರಿಯತ್ತೆ, ಚಕ್ರ ಅಲ್ಲೇ ಕಚ್ಕೊಳತ್ತೆ.

5. ಮುಂದಿನ ಡಿಸ್ಕ್

ಮೂರು ವಿಷ್ಯ: ಲಿವರ್, ಆಯಿಲ್, ಪ್ಯಾಡ್.

ಲಿವರ್‌ನ ಗಟ್ಟಿಯಾಗಿ ಒತ್ತಿ ಅರ್ಧ ನಿಮಿಷ ಹಾಗೇ ಹಿಡ್ಕೊಳಿ. ನಿಂತಲ್ಲೇ ನಿಂತ್ರೆ ಸರಿ. ಸ್ಪಾಂಜ್ ಥರ ಮೆತ್ತಗಿದ್ದು, ಪಂಪ್ ಮಾಡಿದ್ರೆ ಗಟ್ಟಿ ಆಗಿ, ಸ್ವಲ್ಪ ಹೊತ್ತು ಬಿಟ್ರೆ ಮತ್ತೆ ಮೆತ್ತಗಾದ್ರೆ ಲೈನ್‌ನಲ್ಲಿ ಗಾಳಿ ಇದೆ, ಬ್ಲೀಡ್ ಮಾಡಿಸ್ಬೇಕು, ಅಂದ್ರೆ ಆಯಿಲ್ ಜೊತೆ ಆ ಗಾಳೀನ ಹೊರಗೆ ತೆಗೆಸ್ಬೇಕು. ಒತ್ತಿ ಹಿಡಿದ ಲಿವರ್ ನಿಧಾನಕ್ಕೆ ಗ್ರಿಪ್ ಕಡೆ ಇಳೀತಾ ಹೋದ್ರೆ ಅದು ಬೇರೆ ಕಾಯಿಲೆ, ಎಲ್ಲೋ ಲೀಕ್ ಆಗ್ತಿದೆ ಅಥವಾ ಮಾಸ್ಟರ್ ಸಿಲಿಂಡರ್ (ಲಿವರ್ ಬುಡದಲ್ಲಿ ಆಯಿಲ್ ತಳ್ಳೋ ಪಂಪ್) ಸೀಲ್ ಹೋಗಿದೆ. ಬ್ಲೀಡ್ ಮಾಡಿದ್ರೆ ಇದು ಹೋಗಲ್ಲ, ಆದ್ರೂ ಇದಕ್ಕೆ ಮೂರು ಮೂರು ಸಲ ಬ್ಲೀಡ್ ಮಾಡಿ ದುಡ್ಡು ತಗೋಳೋರಿದಾರೆ. ರಾತ್ರಿ ಲಿವರ್‌ನ ಗ್ರಿಪ್‌ಗೆ ಕಟ್ಟಿಟ್ರೆ ಬೆಳಿಗ್ಗೆ ಗಟ್ಟಿ ಆಗತ್ತೆ ಅಂತಾರಲ್ಲ, ಸಣ್ಣ ಗುಳ್ಳೆಗಳು ಮೇಲೆ ಹೋಗೋದು ನಿಜ, ಆದ್ರೆ ಅದು ಗಾಳಿ ಇತ್ತು ಅನ್ನೋದಕ್ಕೆ ಸಾಕ್ಷಿ ಅಷ್ಟೇ, ಬ್ಲೀಡಿಂಗ್ ತಪ್ಪಲ್ಲ.

ಲೀಕ್ ಹುಡುಕೋಕೆ ಹೋಸ್ ಪೈಪ್ ಎರಡೂ ತುದಿಯ ಬೋಲ್ಟ್‌ಗೆ, ಬ್ಲೀಡ್ ನಿಪ್ಪಲ್‌ಗೆ ಟಿಶ್ಯೂ ಸುತ್ತಿ ಲಿವರ್ ಒತ್ತಿ ಹಿಡೀರಿ. ಟಿಶ್ಯೂ ಒದ್ದೆ ಆಗ್ಬಾರ್ದು. ಆ ಬೋಲ್ಟ್ ಬಿಚ್ಚಿದ್ರೆ ಅದರ ತಾಮ್ರದ ವಾಷರ್ ಎರಡನ್ನೂ ಹೊಸದು ಹಾಕ್ಬೇಕು, ಹಳೇದನ್ನೇ ಹಾಕಿ ಜೋರಾಗಿ ಬಿಗಿದಿರೋ ಕಡೆ ನಿಧಾನಕ್ಕೆ ಒಸರತ್ತೆ.

ಬ್ರೇಕ್ ಆಯಿಲ್ ಲೆವೆಲ್‌ನ ಹ್ಯಾಂಡಲ್ ನೇರ ಇಟ್ಟು, ಡಬ್ಬಿ ಅಡ್ಡಕ್ಕೆ ಸಮ ಇದ್ದಾಗ ಮಾತ್ರ ನೋಡಿ, ಸೈಡ್ ಸ್ಟ್ಯಾಂಡ್ ಮೇಲೆ ನೋಡಿದ್ರೆ ಸುಳ್ಳು ತೋರಿಸತ್ತೆ. ಪ್ಯಾಡ್ ಸವೆದ ಹಾಗೆ ಲೆವೆಲ್ ಇಳಿಯೋದು ಸಹಜ, ಹಾಗಾಗಿ ಇಳಿದಾಗೆಲ್ಲ ತುಂಬಿಸ್ತಾ ಹೋಗ್ಬೇಡಿ. ಹಳೇ ಪ್ಯಾಡ್ ಇದ್ದಾಗ ತುಂಬಿಸಿ ಆಮೇಲೆ ಹೊಸ ಪ್ಯಾಡ್ ಹಾಕಿದ್ರೆ ಪಿಸ್ಟನ್ ಒಳಗೆ ಹೋದಾಗ ಆಯಿಲ್ ಉಕ್ಕಿ ಟ್ಯಾಂಕ್ ಪೇಂಟ್ ಮೇಲೆ ಬೀಳತ್ತೆ, ಉಕ್ಕದೇ ಇದ್ರೂ ಬಿಸಿ ಆಗಿ ಹಿಗ್ಗೋಕೆ ಜಾಗ ಇಲ್ದೆ ಬ್ರೇಕ್ ಹಿಡ್ಕೊಳತ್ತೆ. ಪೇಂಟ್ ಮೇಲೆ ಬಿದ್ರೆ ಬಟ್ಟೇಲಿ ಉಜ್ಜೋಕ್ ಮುಂಚೆ ಮೊದಲು ಮಗ್ ನೀರು ಸುರೀರಿ.

ಬಹುತೇಕ ಗಾಡಿಗಳಿಗೆ ಡಾಟ್ 3 ಅಥವಾ ಡಾಟ್ 4 ಗ್ರೇಡ್‌ನ ಬ್ರೇಕ್ ಆಯಿಲ್, ಡಬ್ಬಿ ಮುಚ್ಚಳದ ಮೇಲೇ ಬರೆದಿರತ್ತೆ. ಡಾಟ್ 5 ಸಿಲಿಕಾನ್‌ದು, ಬೇರೆ ಜಾತಿ, ಇವುಗಳ ಜೊತೆ ಬೆರೆಸಲೇಬಾರ್ದು, ಹೆಸರು ಹತ್ತಿರ ಇದ್ರೂ 5.1 ಬೇರೆ 5 ಬೇರೆ. ಈ ಆಯಿಲ್ ಗಾಳಿಯಲ್ಲಿರೋ ತೇವ ಹೀರ್ಕೊಳತ್ತೆ. ಹೊಸ ಡಾಟ್ 4 ಕಮ್ಮಿ ಅಂದ್ರೂ 230 ಡಿಗ್ರಿ ತನಕ ಕುದಿಯಲ್ಲ, ತೇವ ಹೀರಿದ್ಮೇಲೆ ಸ್ಟ್ಯಾಂಡರ್ಡ್ ಪ್ರಕಾರ ಅದು 155ಕ್ಕೆ ಇಳಿಯಬಹುದು. ಚಾರ್ಮಾಡಿ, ಆಗುಂಬೆ ಥರದ ಘಾಟಿ ಇಳಿಯೋವಾಗ ಬ್ರೇಕ್ ಹಿಡ್ಕೊಂಡೇ ಇಳಿದ್ರೆ ಕ್ಯಾಲಿಪರ್ ಒಳಗೆ ಆಯಿಲ್ ಕುದ್ದು ಗುಳ್ಳೆ ಆಗಿ ಲಿವರ್ ಪೂರ್ತಿ ಮೆತ್ತಗಾಗೋದು ಹೀಗೆ. ಎರಡು ವರ್ಷಕ್ಕೊಂದು ಸಲ ಬದಲಾಯಿಸಿ, ಕಿ.ಮೀ. ಎಷ್ಟೇ ಓಡಿರಲಿ. ಮನೇಲಿ ಅರ್ಧ ಉಳಿದ ಹಳೇ ಬಾಟಲ್ ಇದ್ರೆ ಅದನ್ನ ಹಾಕ್ಬೇಡಿ, ಅದು ಶೆಲ್ಫ್‌ನಲ್ಲಿ ಕೂತೇ ತೇವ ಕುಡಿದಿರತ್ತೆ.

ಪ್ಯಾಡ್‌ನ ಟಾರ್ಚ್ ಬಿಟ್ಟು ಕ್ಯಾಲಿಪರ್ ಹಿಂದಿನಿಂದ ನೋಡಿ. ಮಧ್ಯದ ಗೀರು ಅಥವಾ ಅಂಚಿನ ಗೆರೆ ಮಾಯ ಆಗಿದ್ರೆ, ಅಥವಾ ಮಸಾಲೆ (ಪ್ಯಾಡ್‌ನ ಸವೆಯೋ ಪದರ) 1 ಮಿ.ಮೀ. ಹತ್ರ ಬಂದಿದ್ರೆ ಬದಲಾಯಿಸಿ. ಒಳಗಿನ ಪ್ಯಾಡೂ ನೋಡಿ, ಹೊರಗಿಂದು ಕಾಣತ್ತೆ ಅಂತ ಅದೊಂದನ್ನೇ ನೋಡಿ ಸುಮ್ನಾಗೋರು ಜಾಸ್ತಿ. ಪ್ಲೇಟ್ ಮೇಲೂ ಕನಿಷ್ಠ ದಪ್ಪ ಎಷ್ಟು ಅಂತ ಸಾಮಾನ್ಯವಾಗಿ ಕೆತ್ತಿರತ್ತೆ.

6. ಬಿಸಿ ಪರೀಕ್ಷೆ

ಖಾಲಿ ರೋಡಲ್ಲಿ ಮೂರ್ನಾಲ್ಕು ಕಿ.ಮೀ. ಆದಷ್ಟು ಬ್ರೇಕ್ ಮುಟ್ಟದೇ ಓಡಿಸಿ, ಥ್ರಾಟಲ್ ಬಿಟ್ಟು ಗಾಡಿ ತಾನಾಗೇ ನಿಧಾನ ಆಗಲಿ. ನಿಲ್ಸಿ, ಡಿಸ್ಕ್ ಪ್ಲೇಟ್ ಹತ್ರ, ಡ್ರಮ್ ಹತ್ರ ಅಂಗೈ ಹಿಡೀರಿ, ಮುಟ್ಬೇಡಿ. ಉಗುರುಬೆಚ್ಚಗಿದ್ರೆ ಪರವಾಗಿಲ್ಲ. ಕಾವು ಮುಖಕ್ಕೆ ಹೊಡೀತಿದ್ರೆ, ಒಂದು ಹನಿ ನೀರು ಚುಂಯ್ ಅಂದ್ರೆ ಬ್ರೇಕ್ ಬಿಡ್ತಾ ಇಲ್ಲ. ಡ್ರಮ್ ಆದ್ರೆ 3ನೇ ಹಂತಕ್ಕೆ ವಾಪಸ್ ಹೋಗಿ, ಡಿಸ್ಕ್ ಆದ್ರೆ ಸ್ಲೈಡ್ ಪಿನ್ ಅಥವಾ ಪಿಸ್ಟನ್. ಪಿನ್‌ಗೆ ಸಿಲಿಕಾನ್ ಗ್ರೀಸ್ ಮಾತ್ರ, ಮಾಮೂಲಿ ಗ್ರೀಸ್ ಹಾಕಿದ್ರೆ ರಬ್ಬರ್ ಊದ್ಕೊಂಡು ಇನ್ನೂ ಜಾಮ್ ಆಗತ್ತೆ. ಮಂಗಳೂರು, ಕಾರವಾರ ಕಡೆ ಉಪ್ಪು ಗಾಳಿಗೆ ಈ ಪಿನ್ ತುಕ್ಕು ಹಿಡಿಯೋದು ಬೇಗ, ಮಳೆಗಾಲ ಮುಗಿದ ತಕ್ಷಣ ಒಂದ್ಸಲ ಬಿಚ್ಚಿ ಕ್ಲೀನ್ ಮಾಡಿಸಿ.

7. ಹೊಸ ಪ್ಯಾಡ್, ಹೊಸ ಶೂ ಪಳಗಿಸೋದು

ಹೊಸ ಚಪ್ಪಲಿ ಕಾಲಿಗೆ ಕೂರೋ ತನಕ ಇರೋ ಹಾಗೆ ಹೊಸ ಪ್ಯಾಡೂ ಪ್ಲೇಟ್‌ಗೆ ಕೂರೋಕೆ ಟೈಮ್ ಬೇಕು. ಹಿಂದೆ ಮುಂದೆ ಗಾಡಿ ಇಲ್ಲದ ರೋಡಲ್ಲಿ 40ರಿಂದ 10ಕ್ಕೆ ಮಧ್ಯಮ ಒತ್ತಡದಲ್ಲಿ ಇಳಿಸಿ, ಪೂರ್ತಿ ನಿಲ್ಸದೇ ಮತ್ತೆ ಸ್ಪೀಡ್ ಏರಿಸಿ, ಮಧ್ಯೆ ಸ್ವಲ್ಪ ಆರೋಕೆ ಬಿಟ್ಟು ಹತ್ತು ಸಲ ಮಾಡಿ. ಕೊನೇಲಿ ಬಿಸಿ ಬ್ರೇಕ್ ಒತ್ತಿ ಹಿಡ್ಕೊಂಡು ನಿಲ್ಬೇಡಿ. ಮೊದಲ 200-300 ಕಿ.ಮೀ. ಹಿಡಿತ ಸ್ವಲ್ಪ ಕಮ್ಮಿ ಇರತ್ತೆ ಅಂತ ಲೆಕ್ಕ ಇಟ್ಕೊಂಡು ಮುಂದಿನ ಗಾಡಿಯಿಂದ ದೂರ ಇರಿ. ಮಲೆನಾಡು ಟ್ರಿಪ್‌ಗೆ ಹೊರಡೋ ಹಿಂದಿನ ದಿನ ಹೊಸ ಪ್ಯಾಡ್ ಹಾಕಿಸೋ ಅಭ್ಯಾಸ ಇದ್ರೆ ಬಿಡಿ, ಒಂದು ವಾರ ಮುಂಚೆ ಹಾಕಿಸಿ. ಆ 200-300 ಕಿ.ಮೀ. ಮುಗಿಯೋ ಹೊತ್ತಿಗೆ ಡ್ರಮ್ ಶೂನೂ ಕೂತು ಫ್ರೀ ಪ್ಲೇ ಜಾಸ್ತಿ ಆಗಿರತ್ತೆ, ಇನ್ನೊಂದ್ಸಲ ಅಳೀರಿ.

8. ಸ್ಕೂಟರ್ ಮತ್ತು ಎಬಿಎಸ್

ಏಪ್ರಿಲ್ 2019ರಿಂದ ಬರೋ ಹೊಸ ಗಾಡಿಗಳಲ್ಲಿ 125 ಸಿಸಿ ದಾಟಿದ್ರೆ ಎಬಿಎಸ್, ಅದಕ್ಕಿಂತ ಕೆಳಗೆ ಕನಿಷ್ಠ ಸಿಬಿಎಸ್ ಇದ್ದೇ ಇರತ್ತೆ.

ಸಿಬಿಎಸ್ ಸ್ಕೂಟರ್‌ನಲ್ಲಿ ಎಡಗೈ ಲಿವರ್ ಒತ್ತಿದ್ರೆ ಹಿಂದಿನ ಜೊತೆ ಮುಂದಿನ ಬ್ರೇಕೂ ಸ್ವಲ್ಪ ಹಿಡಿಯತ್ತೆ. ಲಿವರ್ ತುದಿಯಲ್ಲಿ ಫ್ರೀ ಪ್ಲೇ ಸಾಮಾನ್ಯವಾಗಿ 10ರಿಂದ 20 ಮಿ.ಮೀ. ಹಿಂದಿನ ಚಕ್ರದ ನಟ್ ಒಂದನ್ನೇ ತಿರುಗಿಸಿ ಕೈ ತೊಳ್ಕೊಂಡ್ರೆ ಮುಂದಿನ ಕೇಬಲ್ ಸಡಿಲಾನೇ ಉಳಿಯತ್ತೆ, ಹಾಗಾಗಿ ಎಡ ಲಿವರ್ ಒತ್ತಿದಾಗ ಮುಂದಿನ ಚಕ್ರಾನೂ ಹಿಡೀತಿದೆಯಾ ಅಂತ ತಳ್ಳಿ ನೋಡಿ.

ಎಬಿಎಸ್ ಗಾಡೀಲಿ ಕೀ ಆನ್ ಮಾಡಿದಾಗ ಮೀಟರ್‌ನಲ್ಲಿ ಎಬಿಎಸ್ ಲೈಟ್ ಬರ್ಬೇಕು, ಗಾಡಿ ಹೊರಟು ಸ್ವಲ್ಪ ಸ್ಪೀಡ್ ಹಿಡಿದ ಕೂಡ್ಲೇ ಹೋಗ್ಬೇಕು. ಹೋಗ್ದೇ ಇದ್ರೆ ಮಾಮೂಲಿ ಬ್ರೇಕ್ ಇರತ್ತೆ, ಎಬಿಎಸ್ ಇರಲ್ಲ. ಚಕ್ರ ಬಿಚ್ಚಿ ಹಾಕಿದ್ಮೇಲೆ ಇದು ಶುರು ಆದ್ರೆ ಸೆನ್ಸರ್ ವೈರು, ಚಕ್ರದ ಪಕ್ಕದ ತೂತಿನ ರಿಂಗ್ ಬಗ್ಗಿದೆಯಾ, ಮಣ್ಣು ಮೆತ್ಕೊಂಡಿದೆಯಾ ನೋಡಿ. ಕೀ ಆನ್ ಮಾಡಿದಾಗ ಲೈಟೇ ಬರದೇ ಇದ್ರೂ ತೊಂದ್ರೆನೇ.

9. ವಾಪಸ್ ತಗೊಂಡು ಹೋಗ್ಬೇಕಾದ್ರೆ

ಜಾಬ್ ಕಾರ್ಡ್‌ನಲ್ಲಿ "ಬ್ರೇಕ್ ಚೆಕ್" ಅಂತ ಬರೆಸಿದ್ರೆ ಅವರು ನಟ್ ಒಂದು ಸುತ್ತು ಟೈಟ್ ಮಾಡಿ ಕಳಿಸ್ತಾರೆ. ಏನಾಗ್ತಿದೆ ಅಂತ ಬರೆಸಿ: "ಮುಂದಿನ ಲಿವರ್ ಒತ್ತಿ ಹಿಡಿದ್ರೆ ಅರ್ಧ ನಿಮಿಷದಲ್ಲಿ ಇಳಿಯತ್ತೆ", "ಡಬಲ್ಸ್‌ನಲ್ಲಿ ಹಿಂದಿನ ಡ್ರಮ್ ಬಿಸಿ ಆಗತ್ತೆ", "60ರಲ್ಲಿ ಬ್ರೇಕ್ ಹಿಡಿದ್ರೆ ಲಿವರ್ ಬೆರಳಿಗೆ ಮಿಡಿಯತ್ತೆ". ಕೊನೇದು ಪ್ಲೇಟ್ ಬೆಂಡ್ ಆಗಿರೋ ಲಕ್ಷಣ. ಕಬ್ಬಿಣಕ್ಕೆ ಕಬ್ಬಿಣ ಉಜ್ಜೋ ಗರ ಗರ ಶಬ್ದ ಅಂದ್ರೆ ಪ್ಯಾಡ್ ಮುಗಿದು ಪ್ಲೇಟ್ ತಿನ್ನೋಕೆ ಶುರು ಆಗಿದೆ, ಇನ್ನೊಂದು ದಿನ ಓಡಿಸಿದ್ರೆ ಪ್ಲೇಟ್‌ನ ಖರ್ಚೂ ಸೇರತ್ತೆ.

ಲಿವರ್ ಪಂಪ್ ಮಾಡಿದ್ರೂ ಗ್ರಿಪ್‌ಗೆ ತಾಗ್ತಿದ್ರೆ, ಕ್ಯಾಲಿಪರ್ ಅಥವಾ ಪ್ಲೇಟ್ ಮೇಲೆ ಆಯಿಲ್ ಇಳೀತಿದ್ರೆ, ಬ್ರೇಕ್ ಬಿಟ್ರೂ ಚಕ್ರ ತಿರುಗದೇ ಇದ್ರೆ ನಿಧಾನಕ್ಕೆ ಓಡಿಸ್ಕೊಂಡು ಹೋಗ್ತೀನಿ ಅಂತ ಹೊರಡ್ಬೇಡಿ. ಮೆಕ್ಯಾನಿಕ್‌ನ ಗಾಡಿ ಇರೋ ಜಾಗಕ್ಕೇ ಕರೆಸಿ, ಇಲ್ಲಾ ಗೂಡ್ಸ್ ಆಟೋಗೆ ಹಾಕ್ಕೊಂಡು ಹೋಗಿ.